ಖೋರ್ ಫಕ್ಕಾನ್: ಲಾಂಚಿನವರು ಈಜಿ ದಡ ಸೇರಿದ ಕಡಲೂರು

ಮದೀನತ್ ಜಾಯೆದ್‌ನಲ್ಲಿರುವ ನಮ್ಮವರಿಗೆ ಎರಡು ದಿನ ಒಟ್ಟಿಗೆ ರಜೆ ಸಿಕ್ಕಿದರೆ ಈಗ ಹೊರಡುವ ಜಾಗಗಳಲ್ಲಿ ಖೋರ್ ಫಕ್ಕಾನ್ ಒಂದು. ಅಬುಧಾಬಿ ದಾಟಿ ಹೋಗಬೇಕು, ನಾಲ್ಕು ಗಂಟೆಗೂ ಮಿಕ್ಕಿದ ದಾರಿ. ಓಮಾನ್ ಕೊಲ್ಲಿಯ ದಡದ ಈ ಊರು ಶಾರ್ಜಾಕ್ಕೆ ಸೇರಿದ್ದು, ಆದರೆ ಅಕ್ಕಪಕ್ಕ ಇರುವುದೆಲ್ಲ ಫುಜೈರಾ. ಹಿಂದೆ ಹಜರ್ ಬೆಟ್ಟ, ಮುಂದೆ ಆಳದ ಕಡಲು. ಹೆಸರಿನ ಅರ್ಥ ಎರಡು ದವಡೆಗಳ ಖಾರಿ ಅಂತ.

ಇದು ಹಳೇ ಬಂದರು. ಹೊರ್ಮುಜ್ ರಾಜ್ಯಕ್ಕೆ ಸೇರಿದ್ದಾಗ ಇಲ್ಲಿ ಗುಜರಾತಿ ವ್ಯಾಪಾರಿಗಳಿದ್ದರು, ಇಂಡಿಯಾಕ್ಕೆ ಕಳಿಸುವ ಕುದುರೆಗಳ ಲಾಯಗಳಿದ್ದವು ಎಂದು ಪೋರ್ಚುಗೀಸರೇ ಬರೆದಿಟ್ಟಿದ್ದಾರೆ. ಆ ಕಾಲದಲ್ಲಿ ವಿಜಯನಗರದ ಸೈನ್ಯಕ್ಕೆ ಹೊರ್ಮುಜ್ ಕಡೆಯ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ನಮ್ಮ ಭಟ್ಕಳವೂ ಒಂದು. 1507ರಲ್ಲಿ ಅಲ್ಬುಕರ್ಕ್‌ನ ಹಡಗುಗಳು ಬಂದು ಖೋರ್ ಫಕ್ಕಾನ್ ಅನ್ನು ಸುಟ್ಟವು. ಮೂರು ವರ್ಷದ ನಂತರ ಹೊನ್ನಾವರದ ತಿಮ್ಮೋಜನ ಸಹಾಯ ಪಡೆದು ಗೋವಾ ಹಿಡಿದದ್ದೂ ಇದೇ ಅಲ್ಬುಕರ್ಕ್. 1737ರಲ್ಲಿ ಪರ್ಷಿಯಾದ ನಾದಿರ್ ಶಾನ ಸೈನ್ಯ ಇಲ್ಲೇ ಇಳಿಯಿತು. ಆಮೇಲೆ ಊರು ಖಾಸಿಮಿ ಮನೆತನದ ಕೈಗೆ ಬಂದು, ಶಾರ್ಜಾದ ಭಾಗವಾಗಿ ಉಳಿಯಿತು.

ನಮಗೆ ಹೆಚ್ಚು ಬೇಕಾದ ಕಥೆ 1960ರ ದಶಕದ್ದು. ಆಗ ವೀಸಾ ಸಿಗದವರು ಸಾಮಾನು ಸಾಗಿಸುವ ಲಾಂಚ್ ಹತ್ತಿ ಬರುತ್ತಿದ್ದರು. ಹೆಚ್ಚಿನವರು ಮಲಬಾರಿನವರು, ಕಾಸರಗೋಡು ಕಡೆಯವರೂ ಇದ್ದರು. ವಾರಗಟ್ಟಲೆ ಕಡಲಲ್ಲಿ, ಕುಡಿಯುವ ನೀರಿಗೂ ರೇಷನ್. ಲಾಂಚ್ ದಡಕ್ಕೆ ಬರುತ್ತಿರಲಿಲ್ಲ, ಬಂದರೆ ಸಿಕ್ಕಿಬೀಳುತ್ತಿತ್ತು. ಖೋರ್ ಫಕ್ಕಾನಿನ ಬೆಟ್ಟ ಕಂಡ ಕೂಡಲೇ, ಅಲ್ಲಿ ಕಾಣುತ್ತಿದೆಯಲ್ಲ ಅದೇ ಗಲ್ಫ್, ಹಾರಿ ಅನ್ನುತ್ತಿದ್ದರಂತೆ. ಈಜು ಬಂದವರು ದಡ ಸೇರಿದರು. ಅಲ್ಲಿಂದ ದುಬೈ, ಶಾರ್ಜಾಕ್ಕೆ ಡಾಂಬರು ರಸ್ತೆ ಇರಲಿಲ್ಲ, ಬೆಟ್ಟದ ವಾದಿಗಳಲ್ಲೇ ನಡೆಯಬೇಕಿತ್ತು. ಮಮ್ಮುಟ್ಟಿಯ 2015ರ 'ಪತ್ತೇಮಾರಿ' ಸಿನಿಮಾ ನೋಡಿದವರಿಗೆ ಇದು ಗೊತ್ತಿರುತ್ತದೆ.

ನಾನು ಲೆಕ್ಕ ಬರೆಯುವವನು, ಅದಕ್ಕೇ ಒಂದು ವಿಷಯ ನನ್ನ ಮನಸ್ಸಿಗೆ ಚುಚ್ಚುತ್ತದೆ. ಕಳ್ಳ ಪ್ರಯಾಣ ಆದ್ದರಿಂದ ಆ ಲಾಂಚುಗಳಿಗೆ ಪ್ಯಾಸೆಂಜರ್ ಲಿಸ್ಟ್ ಇರಲಿಲ್ಲ. ಎಷ್ಟು ಜನ ಹಾರಿದರು, ಎಷ್ಟು ಜನ ದಡ ಮುಟ್ಟಿದರು ಅನ್ನುವುದಕ್ಕೆ ಯಾವ ಪುಸ್ತಕದಲ್ಲೂ ಎಂಟ್ರಿ ಇಲ್ಲ. ಊರಲ್ಲಿ ಕಾಗದಕ್ಕೆ ಕಾಯುತ್ತಾ ಕೂತ ಮನೆಗಳಿಗೆ ಮಾತ್ರ ಆ ಲೆಕ್ಕ ಗೊತ್ತಿತ್ತು.

1971ರಲ್ಲಿ ಯುಎಇ ಹುಟ್ಟಿತು. 1979ರಲ್ಲಿ ಇಲ್ಲಿ ಕಂಟೇನರ್ ಟರ್ಮಿನಲ್ ಶುರುವಾಯಿತು. ಇದು ಹೊರ್ಮುಜ್ ಜಲಸಂಧಿಯ ಹೊರಗಿರುವ ಬಂದರು, ದೊಡ್ಡ ಹಡಗುಗಳು ಒಳಗೆ ಹೋಗದೇ ಮಾಲು ಇಳಿಸಬಹುದು. ಇದೇ ಕಾರಣಕ್ಕೆ ನಮ್ಮ ಮದೀನತ್ ಜಾಯೆದ್ ಹತ್ತಿರದ ಹಬ್‌ಶಾನಿನಿಂದ ಪಕ್ಕದ ಫುಜೈರಾಕ್ಕೆ ಸುಮಾರು 400 ಕಿಲೋಮೀಟರ್ ಎಣ್ಣೆ ಪೈಪ್‌ಲೈನ್ ಹಾಕಿ 2012ರಲ್ಲಿ ಶುರು ಮಾಡಿದರು. ಹಬ್‌ಶಾನಿನಲ್ಲಿ ಡ್ಯೂಟಿ ಮಾಡುವವರು ಖೋರ್ ಫಕ್ಕಾನಿಗೆ ಹೊರಟರೆ ಎಣ್ಣೆ ಹೋಗುವ ಕಡೆಗೇ ಹೋದ ಹಾಗೆ.

ಪ್ರವಾಸಿ ಊರು ಅನ್ನುವ ಹೆಸರು ಜೋರಾಗಿ ಬಂದದ್ದು ಈಚೆಗೆ. ಬೀಚು ಮೊದಲೂ ಇತ್ತು, ಆದರೆ ಮಸಾಫಿ, ಫುಜೈರಾ ಸುತ್ತಿ ಬರಬೇಕಿತ್ತು. 2019ರ ಏಪ್ರಿಲ್‌ನಲ್ಲಿ ಶಾರ್ಜಾದಿಂದ ಬೆಟ್ಟ ಕೊರೆದು ಐದು ಸುರಂಗಗಳ ರಸ್ತೆ ತೆರೆದ ಮೇಲೆ ಲೆಕ್ಕವೇ ಬದಲಾಯಿತು. 2020ರಲ್ಲಿ ಬೆಟ್ಟದ ಬುಡದಲ್ಲಿ ಆಂಫಿಥಿಯೇಟರ್, ಪಕ್ಕದಲ್ಲಿ ಕೃತಕ ಜಲಪಾತ. ಮರುವರ್ಷ ಬೆಟ್ಟದ ಮೇಲೆ ಅಲ್ ಸುಹುಬ್ ವಿಶ್ರಾಂತಿ ತಾಣ. ದಾರಿಯಲ್ಲಿ ಅಲ್ ರಫೀಸಾ ಅಣೆಕಟ್ಟೆ ಇದೆ, ಮಕ್ಕಳಿದ್ದರೆ ಅಲ್ಲಿ ನಿಲ್ಲಿಸಿ.

ಅಲ್ ಸುಹುಬ್‌ಗೆ ಬೆಳಿಗ್ಗೆಯೇ ಹತ್ತಿ, ರಜೆ ದಿನ ಸಂಜೆ ಗಾಡಿಗಳ ಸಾಲು ಜಾಸ್ತಿ. ಮೇಲಿಂದ ಇಡೀ ಕೊಲ್ಲಿ ಕಾಣುತ್ತದೆ. ಕಂಟೇನರ್ ಹಡಗುಗಳ ಆಚೆಯ ನೀಲಿ ನೀರಿನಲ್ಲೇ ಲಾಂಚುಗಳು ರಾತ್ರಿ ಹೊತ್ತು ಬಂದು ನಿಲ್ಲುತ್ತಿದ್ದದ್ದು.