ಪಿಕಪ್ ವಾಹನಕ್ಕೆ ದೊಡ್ಡ ಟೈರು ಮತ್ತು ಆಕ್ಸಲ್ ಅನುಪಾತದ ಬದಲಾವಣೆ: ಹೊಲದಿಂದ ಹಳೆಯ ಬೆಂಗಳೂರಿನ ಮಾರುಕಟ್ಟೆಗೆ ಉತ್ಪನ್ನ ಸಾಗಿಸುವ ರೈತರಿಗೆ ಮಾಹಿತಿ

ಮಾಗಡಿ, ಕನಕಪುರ, ಹೊಸಕೋಟೆ, ಮಾಲೂರು, ಚಿಂತಾಮಣಿ ಮುಂತಾದ ತಾಲ್ಲೂಕುಗಳ ಅನೇಕ ರೈತರು ಇಂದು ಹೂವು, ತರಕಾರಿ, ಅವರೆ ಹಾಗೂ ಕಡಲೆಕಾಯಿಯನ್ನು ಸ್ವಂತ ಪಿಕಪ್ ವಾಹನದಲ್ಲಿಯೇ ಬೆಂಗಳೂರಿಗೆ ತರುತ್ತಾರೆ. ಸಂಜೆ ಹದವಾದ ಕೆಂಪು ಮಣ್ಣಿನ ಹೊಲದಲ್ಲಿ ನಿಂತಿದ್ದ ವಾಹನವೇ ಮರುದಿನ ನಸುಕಿನಲ್ಲಿ ಕೆ.ಆರ್. ಮಾರುಕಟ್ಟೆ, ಗಾಂಧಿ ಬಜಾರ್ ಅಥವಾ ಮಲ್ಲೇಶ್ವರದ ಕಿರಿದಾದ ಬೀದಿಯಲ್ಲಿ ಇಂಚಿಂಚಾಗಿ ಸಾಗಬೇಕಾಗುತ್ತದೆ. ಮಳೆಗಾಲದಲ್ಲಿ ಹೊಲದಲ್ಲಿ ವಾಹನ ಹೂತುಕೊಂಡಾಗ ಸಾಮಾನ್ಯವಾಗಿ ಕೇಳಿಬರುವ ಸಲಹೆಯೆಂದರೆ, ದೊಡ್ಡ ಟೈರು ಹಾಕಿಸಿ ಎಂಬುದು. ಸರಕು ಇಳಿಸಿದ ಮೇಲೆ ಪುರಭವನದಿಂದ ಮಿನರ್ವ ವೃತ್ತದತ್ತ ಸಾಗುವ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳು ಹತ್ತಿರವೇ ಇರುವುದರಿಂದ, ಕೈಯಲ್ಲಿ ಹಣವಿರುವ ದಿನವೇ ಈ ನಿರ್ಧಾರ ಆಗಿಬಿಡುವುದುಂಟು.

ಸರಕು ಹೊರುವ ಪಿಕಪ್‌ಗೆ ತಯಾರಕರು ಅದೇ ಮಾದರಿಗೆ ಸೂಚಿಸಿರುವ ಅಳತೆಯನ್ನು ಮೀರಿದ ಟೈರನ್ನು ನಾವು ಶಿಫಾರಸು ಮಾಡುವುದಿಲ್ಲ. ಇದರ ಕಾರಣಗಳನ್ನೂ, ಆಕ್ಸಲ್ ಅನುಪಾತದ ಬದಲಾವಣೆ ಯಾವಾಗ ಅರ್ಥಪೂರ್ಣ ಎಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ಟೈರಿನ ಅಳತೆಯನ್ನು ಓದುವ ಬಗೆ

ಟೈರಿನ ಮೇಲೆ 215/75 ಆರ್ 15 ಎಂದಿದ್ದರೆ ಅದರ ಅಗಲ 215 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅಗಲದ ಶೇ. 75, ಡಿಸ್ಕಿನ ವ್ಯಾಸ 15 ಇಂಚು ಎಂದರ್ಥ. ಗೋಡೆಯ ಎತ್ತರದ ಎರಡು ಪಟ್ಟಿಗೆ ಡಿಸ್ಕಿನ 381 ಮಿ.ಮೀ. ಕೂಡಿಸಿದರೆ ಹೊರವ್ಯಾಸ ಸುಮಾರು 703 ಮಿ.ಮೀ. ಬರುತ್ತದೆ. ಇದರ ಬದಲು 235/75 ಆರ್ 15 ಹಾಕಿದರೆ ವ್ಯಾಸ ಸುಮಾರು 733 ಮಿ.ಮೀ., ಅಂದರೆ ಶೇ. 4ಕ್ಕಿಂತ ಸ್ವಲ್ಪ ಹೆಚ್ಚು. ಡಿಸ್ಕನ್ನೂ ಬದಲಿಸಿ 265/75 ಆರ್ 16 ಹಾಕಿದರೆ ವ್ಯಾಸ ಸುಮಾರು 804 ಮಿ.ಮೀ. ಆಗಿ ಶೇ. 14ರಷ್ಟು ಹೆಚ್ಚುತ್ತದೆ.

ವ್ಯಾಸ 30 ಮಿ.ಮೀ. ಹೆಚ್ಚಿದರೆ ಆಕ್ಸಲ್ ನೆಲದಿಂದ ಮೇಲೇರುವುದು ಅದರ ಅರ್ಧ, ಕೇವಲ 15 ಮಿ.ಮೀ. ಬಂಡಿ ಜಾಡಿನ ನಡುವಿನ ದಿಣ್ಣೆಗೆ ಡಿಫರೆನ್ಷಿಯಲ್ ತಗಲುವ ಸಮಸ್ಯೆ ಒಂದು ಬೆರಳಗಲಕ್ಕೆ ಬಗೆಹರಿಯುವುದು ಅಪರೂಪ.

ಎಳೆತ ಕಡಿಮೆಯಾಗುವುದು ಹೇಗೆ

ಇಂಜಿನ್ನಿನ ತಿರುಚುಬಲವು ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ಲಿನ ಕ್ರೌನ್-ಪಿನಿಯನ್ ಮೂಲಕ ವೃದ್ಧಿಗೊಂಡು ಚಕ್ರಕ್ಕೆ ತಲಪುತ್ತದೆ. ಚಕ್ರದ ಅಂಚಿನಲ್ಲಿ ದೊರೆಯುವ ಎಳೆತವು ಆ ಬಲವನ್ನು ಚಕ್ರದ ತ್ರಿಜ್ಯದಿಂದ ಭಾಗಿಸಿದಷ್ಟು. ಬಾವಿಯ ರಾಟೆಯ ಗಾತ್ರ ಹೆಚ್ಚಿಸಿ, ಹಿಡಿಕೆಯನ್ನು ಮೊದಲಿನಷ್ಟೇ ಉದ್ದ ಇಟ್ಟರೆ ಕೊಡ ಎತ್ತುವುದು ಕಷ್ಟವಾಗುವಂತೆಯೇ ಇದೂ. ಟೈರಿನ ವ್ಯಾಸ ಶೇ. 14 ಹೆಚ್ಚಿದರೆ ಪ್ರತಿ ಗೇರಿನಲ್ಲಿಯೂ ಎಳೆತ ಸುಮಾರು ಶೇ. 12.5 ಕುಗ್ಗುತ್ತದೆ.

ಸರಕು ಸೇರಿ 2,900 ಕಿ.ಗ್ರಾಂ. ತೂಗುವ ವಾಹನವು ಹತ್ತು ಅಡಿಗೆ ಒಂದು ಅಡಿ ಏರುವ ರಸ್ತೆಯನ್ನು ಹತ್ತಲು, ಉರುಳು ಪ್ರತಿರೋಧವನ್ನು ಬಿಟ್ಟರೂ, ಸುಮಾರು 290 ಕಿ.ಗ್ರಾಂ. ಭಾರದಷ್ಟು ಎಳೆತ ಬೇಕು. ಟೈರು ದೊಡ್ಡದಾದ ಮಾತ್ರಕ್ಕೆ ಏರು ತಗ್ಗುವುದಿಲ್ಲವಾದ್ದರಿಂದ ಚಾಲಕನು ಅರ್ಧ ಕ್ಲಚ್ಚಿನಲ್ಲಿ ವಾಹನವನ್ನು ಹೊರಡಿಸುತ್ತಾನೆ. ಚಾಮರಾಜಪೇಟೆಯಿಂದ ಮಾರುಕಟ್ಟೆಯವರೆಗಿನ ದಟ್ಟಣೆಯಲ್ಲಿ ತುಂಬಿದ ವಾಹನ ನೂರು ಬಾರಿ ನಿಂತು ಹೊರಟರೆ ಕ್ಲಚ್ ಪ್ಲೇಟು ನೂರು ಬಾರಿ ಸವೆಯುತ್ತದೆ.

ಬ್ರೇಕಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಪೆಡಲನ್ನು ಮೊದಲಿನಷ್ಟೇ ಒತ್ತಿದಾಗ ನೆಲದ ಮೇಲೆ ದೊರೆಯುವ ತಡೆಬಲ ಶೇ. 12.5ರಷ್ಟೇ ಕುಗ್ಗುತ್ತದೆ. ಹೂವಿನ ಮೂಟೆ ಹೊತ್ತವರು, ತಳ್ಳುಗಾಡಿಗಳು, ದೇವಸ್ಥಾನಕ್ಕೆ ಹೊರಟ ವೃದ್ಧರು ರಸ್ತೆಯಲ್ಲಿಯೇ ಇರುವ ಬಸವನಗುಡಿಯಂಥ ಪ್ರದೇಶದಲ್ಲಿ ಇದನ್ನು ಅಂಕಿಯ ಮಾತೆಂದು ತಳ್ಳಿಹಾಕಬಾರದು. ಆಕ್ಸಲ್ ಅನುಪಾತ ಬದಲಿಸುವುದರಿಂದ ಎಳೆತವನ್ನು ಮರಳಿ ಪಡೆಯಬಹುದು. ಬ್ರೇಕಿನ ಕೊರತೆ ಅದರಿಂದ ತುಂಬುವುದಿಲ್ಲ.

ಸ್ಪೀಡೋಮೀಟರಿನ ಸಂಜ್ಞೆ ಸಾಮಾನ್ಯವಾಗಿ ಗೇರ್‌ಬಾಕ್ಸಿನ ಹಿಂಭಾಗದಿಂದ ದೊರೆಯುವುದರಿಂದ ಅದರ ಓದೂ ತಪ್ಪುತ್ತದೆ. ಮುಳ್ಳು 60 ಕಿ.ಮೀ. ತೋರಿಸುವಾಗ ನಿಜವಾದ ವೇಗ 235/75 ಟೈರಿನಲ್ಲಿ 62.5, 265/75 ಆರ್ 16ರಲ್ಲಿ 68ಕ್ಕೂ ಹೆಚ್ಚು. ವೇಗನಿಯಂತ್ರಕವೂ ಅದೇ ಸಂಜ್ಞೆಯನ್ನು ಆಧರಿಸಿದ್ದರೆ ಅದಕ್ಕೂ ಇದೇ ದೋಷ ತಗಲುತ್ತದೆ. ಓಡೋಮೀಟರ್ ಕಡಿಮೆ ದೂರ ತೋರಿಸುವುದರಿಂದ ಮೈಲೇಜಿನ ಲೆಕ್ಕ ಹಾಕುವಾಗಲೂ ಎಚ್ಚರ ಅಗತ್ಯ.

ಹೊಲದ ಮಣ್ಣಿನ ದೃಷ್ಟಿಯಿಂದ

ಕೃಷಿ ವಿಜ್ಞಾನದ ದೃಷ್ಟಿಯಿಂದ ಮುಖ್ಯವಾದ ವಿಷಯ ಇದು. ಟೈರು ಮೇಲ್ಮಣ್ಣಿನ ಮೇಲೆ ಹಾಕುವ ಒತ್ತಡ ಅದರೊಳಗಿನ ಗಾಳಿಯ ಒತ್ತಡಕ್ಕೆ ಸರಿಸುಮಾರು ಹತ್ತಿರವಿರುತ್ತದೆ. ಟ್ರ್ಯಾಕ್ಟರಿನ ಹಿಂಚಕ್ರದಲ್ಲಿ ಪ್ರತಿ ಚದರ ಸೆಂ.ಮೀ.ಗೆ ಸುಮಾರು 1 ಕಿ.ಗ್ರಾಂ. ಗಾಳಿ ಇದ್ದರೆ, ತುಂಬಿದ ಪಿಕಪ್ಪಿನ ಹಿಂಚಕ್ರದಲ್ಲಿ ಅದರ ನಾಲ್ಕು ಪಟ್ಟು, ಚಾಲಕರ ಮಾತಿನಲ್ಲಿ 55–60 ಪೌಂಡ್, ಇರುವುದು ಸಾಮಾನ್ಯ. ಗಾಳಿಯನ್ನು ಅಷ್ಟೇ ಇಟ್ಟು ಟೈರನ್ನು ಮಾತ್ರ ದೊಡ್ಡದು ಮಾಡಿದರೆ ಮಣ್ಣಿಗೆ ಸಿಗುವ ವಿನಾಯಿತಿ ಅತ್ಯಲ್ಪ. ಕೆಳಪದರದ ಗಟ್ಟಿಯಾಗುವಿಕೆಯನ್ನು ನಿರ್ಧರಿಸುವುದಂತೂ ಮುಖ್ಯವಾಗಿ ಆಕ್ಸಲ್ಲಿನ ಮೇಲಿನ ಒಟ್ಟು ಭಾರ. ದೊಡ್ಡ ಟೈರಿನ ಭರವಸೆಯಲ್ಲಿ ಹಸಿ ಹೊಲದ ನಡುವಿನವರೆಗೂ ವಾಹನ ನುಗ್ಗಿಸಿದರೆ, ಮುಂದಿನ ಬೆಳೆಯ ಬೇರು ಇಳಿಯದ, ನೀರು ಇಂಗದ ಎರಡು ಪಟ್ಟೆಗಳು ಉಳಿಯುತ್ತವೆ. ನಮ್ಮ ಭಾಗದ ಕೆಂಪು ಮಣ್ಣು ಒಣಗಿದಾಗ ಬಿಗಿಯಾಗುವ ಗುಣವುಳ್ಳದ್ದರಿಂದ ಈ ಹಾನಿ ಒಂದು ಉಳುಮೆಯಿಂದ ಹೋಗುವುದಿಲ್ಲ.

ಆದ್ದರಿಂದ ವಾಹನವನ್ನು ಬದುವಿನಾಚೆಯೇ ನಿಲ್ಲಿಸಿ, ಅಲ್ಲಿಯವರೆಗೆ ಮೂಟೆ ಹಾಗೂ ಕ್ರೇಟುಗಳನ್ನು ಎತ್ತಿನ ಗಾಡಿ ಅಥವಾ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಸಾಗಿಸುವುದು ಉತ್ತಮ. ಹೊಲದ ಬಾಯಿಯಲ್ಲಿ ಜಲ್ಲಿ ಹರಡಿ ಒಂದು ಗಟ್ಟಿ ಕಟ್ಟೆ ಮಾಡಿಕೊಂಡರೆ ಅದು ಹಲವು ವರ್ಷ ಬಾಳುತ್ತದೆ, ಟೈರು ಬಾಳುವುದಿಲ್ಲ. ಕೆಸರಿನಲ್ಲಿ ಸಿಕ್ಕಿಕೊಂಡ ಖಾಲಿ ವಾಹನವನ್ನು ಹೊರತೆಗೆಯಲು ಗಾಳಿಯನ್ನು ಸ್ವಲ್ಪ ಇಳಿಸಬಹುದು. ಆದರೆ ನಡಿಗೆಯ ವೇಗ ಮೀರಬಾರದು. ಡಾಂಬರು ರಸ್ತೆ ಸೇರುವ ಮುನ್ನ ಮತ್ತೆ ಗಾಳಿ ತುಂಬಬೇಕು.

ಆಕ್ಸಲ್ ಅನುಪಾತವನ್ನು ಬದಲಿಸುವುದಾದರೆ

ಕ್ರೌನ್‌ನ ಹಲ್ಲುಗಳ ಸಂಖ್ಯೆಯನ್ನು ಪಿನಿಯನ್‌ನ ಹಲ್ಲುಗಳಿಂದ ಭಾಗಿಸಿದರೆ ಅನುಪಾತ ದೊರೆಯುತ್ತದೆ. 41 ಮತ್ತು 10 ಹಲ್ಲುಗಳಿದ್ದರೆ 4.10, 41 ಮತ್ತು 9 ಇದ್ದರೆ 4.56. ಸಂಖ್ಯೆ ಹೆಚ್ಚಿದಷ್ಟೂ ಎಳೆತ ಹೆಚ್ಚು, ಗರಿಷ್ಠ ವೇಗ ಕಡಿಮೆ. ದೊಡ್ಡ ಟೈರಿಗೆ ಸರಿದೂಗುವ ಅನುಪಾತ ತಿಳಿಯಲು ಹಳೆಯ ಅನುಪಾತವನ್ನು ಹೊಸ ವ್ಯಾಸದಿಂದ ಗುಣಿಸಿ ಹಳೆಯ ವ್ಯಾಸದಿಂದ ಭಾಗಿಸಬೇಕು. 4.10 ಇದ್ದ ವಾಹನಕ್ಕೆ 703ರ ಬದಲು 733 ಮಿ.ಮೀ. ಟೈರು ಹಾಕಿದರೆ ಬೇಕಾಗುವುದು ಸುಮಾರು 4.28, 804 ಮಿ.ಮೀ. ಆದರೆ ಸುಮಾರು 4.69. ಮೊದಲಿನ ಬದಲಾವಣೆಗಾಗಿ ಆಕ್ಸಲ್ ಬಿಚ್ಚುವುದು ವೆಚ್ಚಕ್ಕೆ ತಕ್ಕುದಲ್ಲ. ಎರಡನೆಯದರಲ್ಲಿ ಅನುಪಾತ ಬದಲಿಸದೆ ಓಡಿಸುವುದೇ ತಪ್ಪು.

ನಿಮ್ಮ ವಾಹನದ ಅನುಪಾತ ತಿಳಿಯದಿದ್ದರೆ ಸಮತಟ್ಟಾದ ಗಟ್ಟಿ ನೆಲದಲ್ಲಿ ಉಳಿದ ಮೂರು ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಕೂರಿಸಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಬಿಡಬೇಕು. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದಾಗ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತುತ್ತದೋ ಅದೇ ಅನುಪಾತ. ನಾಲ್ಕು ಸುತ್ತಿಗಿಂತ ತುಸು ಹೆಚ್ಚಾದರೆ 4.10ರ ಆಸುಪಾಸು, ನಾಲ್ಕೂವರೆ ದಾಟಿದರೆ 4.56. ಒಬ್ಬರು ಚಕ್ರ ತಿರುಗಿಸಬೇಕು, ಇನ್ನೊಬ್ಬರು ಪಕ್ಕದಿಂದಲೇ ಬಾಗಿ ಎಣಿಸಬೇಕು. ಯಾರೂ ವಾಹನದ ಕೆಳಗೆ ತೂರಬಾರದು.

ನಮ್ಮ ದೇಶದ ಸರಕು ಪಿಕಪ್‌ಗಳಿಗೆ ಬೇಕೆಂದ ಅನುಪಾತದ ಕ್ರೌನ್-ಪಿನಿಯನ್ ಸುಲಭವಾಗಿ ದೊರೆಯುವುದಿಲ್ಲ. ತಯಾರಕರು ಅದೇ ಆಕ್ಸಲ್ಲಿಗೆ ಮತ್ತೊಂದು ಮಾದರಿಯಲ್ಲಿ ಬೇರೆ ಅನುಪಾತ ಕೊಟ್ಟಿದ್ದರೆ ಮಾತ್ರ ಮುಂದುವರಿಯಬೇಕು. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಉಜ್ಜಿ ಹೊಂದಿಸಿದ ಭಾಗಗಳು; ಒಂದು ಗುಜರಿಯಿಂದ, ಇನ್ನೊಂದು ಅಂಗಡಿಯಿಂದ ತಂದು ಕೂಡಿಸಿದರೆ ಕೂಗುವ ಆಕ್ಸಲ್ ಖಚಿತ. ಜೋಡಿಸುವಾಗ ಡಯಲ್ ಗೇಜಿನಿಂದ ಹಲ್ಲುಗಳ ನಡುವಿನ ಆಟವನ್ನು ಅಳೆದು, ಬಣ್ಣದ ಪೇಸ್ಟ್ ಹಚ್ಚಿ ಹಲ್ಲಿನ ಸ್ಪರ್ಶದ ಗುರುತು ನೋಡಿ, ಪಿನಿಯನ್ ಬೇರಿಂಗಿನ ಬಿಗಿತವನ್ನು ತಯಾರಕರ ಅಳತೆಗೆ ಹೊಂದಿಸಬೇಕು. ಡಯಲ್ ಗೇಜ್ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಬೇಡಿ. ನಾಲ್ಕು ಚಕ್ರ ಚಾಲನೆಯ ವಾಹನವಾದರೆ ಮುಂದಿನ ಆಕ್ಸಲ್ಲಿಗೂ ಅದೇ ಅನುಪಾತ ಬೇಕು. ಇಲ್ಲವಾದರೆ ಗಟ್ಟಿ ನೆಲದಲ್ಲಿ ಎರಡು ಆಕ್ಸಲ್‌ಗಳು ಒಂದಕ್ಕೊಂದು ಎಳೆದಾಡಿ ಗೇರುಗಳೇ ಮುರಿಯುತ್ತವೆ.

ಕಾನೂನು ಮತ್ತು ವಿಮೆ

ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಪ್ರಕರಣದ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಸೂಚಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣದನ್ವಯ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ಅಪಘಾತವಾದಾಗ ವಿಮಾ ಕಂಪನಿ ಮಾರ್ಪಾಡನ್ನು ಮುಂದಿಟ್ಟು ತಕರಾರು ತೆಗೆಯಲು ಅವಕಾಶವಾಗುತ್ತದೆ. ಏನನ್ನೇ ಬದಲಿಸುವ ಮುನ್ನ ವಾಹನ ನೋಂದಣಿಯಾದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಿ.

ದೊಡ್ಡ ಟೈರು ಹಾಕಿದ್ದರಿಂದ ಹೆಚ್ಚು ಸರಕು ಹೇರಬಹುದೆಂಬ ನಂಬಿಕೆಯೂ ಇದೆ. ವಾಹನದ ಅನುಮತಿತ ತೂಕ ಟೈರಿನೊಂದಿಗೆ ಏರುವುದಿಲ್ಲ. ಮಿತಿಮೀರಿದ ಭಾರಕ್ಕೆ 194ನೇ ಪ್ರಕರಣದಡಿ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಒಂದು ಹೊರೆ ಅವರೆಕಾಯಿಯ ಲಾಭ ಅಲ್ಲಿಯೇ ಮುಗಿಯುತ್ತದೆ.

ಟೈರು ಕೊಳ್ಳುವಾಗ

ಹಣವನ್ನು ಅಳತೆಗೆ ಬದಲು ಗುಣಕ್ಕೆ ವಿನಿಯೋಗಿಸಿ. ಬಾಗಿಲ ಚೌಕಟ್ಟಿನ ಫಲಕ ಅಥವಾ ಕೈಪಿಡಿಯಲ್ಲಿರುವ ಅಳತೆಯನ್ನು ಬರೆದುಕೊಂಡು ಅಂಗಡಿಗೆ ಹೋಗಿ. ಅಳತೆಯ ನಂತರ ಬರುವ ಭಾರಸೂಚಿಯನ್ನು ನೋಡಿ: 100 ಎಂದರೆ ಒಂದು ಟೈರಿಗೆ 800 ಕಿ.ಗ್ರಾಂ., 105 ಎಂದರೆ 925, 112 ಎಂದರೆ 1,120. ಕಾರು ವರ್ಗದ ಅಗಲವಾದ ಟೈರು ನೋಟಕ್ಕೆ ದೊಡ್ಡದಾಗಿದ್ದರೂ ಲಘು ಟ್ರಕ್ ಟೈರಿಗಿಂತ ಕಡಿಮೆ ಭಾರ ಹೊರುವುದು ಸಾಧ್ಯ. ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ತಯಾರಿಕೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2324 ಎಂದರೆ 2024ರ 23ನೇ ವಾರ. ಮಣ್ಣಿನ ದಾರಿ ಹೆಚ್ಚಿದ್ದರೆ ಹಿಂಚಕ್ರಗಳಿಗೆ ಆಳವಾದ ಗಟ್ಟೆಗಳಿರುವ ಟೈರನ್ನು ಅದೇ ಅಳತೆಯಲ್ಲಿಯೇ ಕೇಳಿ. ಸ್ಟೆಪ್ನಿಯೂ ಅದೇ ಅಳತೆಯದಾಗಿರಬೇಕು. ಗಟ್ಟೆಯ ಆಳ 1.6 ಮಿ.ಮೀ.ಗೆ ಇಳಿಯುವವರೆಗೆ ಕಾಯದೆ, ಮಳೆಗಾಲದ ಮೊದಲೇ ಬದಲಿಸುವುದು ಕ್ಷೇಮ.

ತಯಾರಕರದೇ ಪರ್ಯಾಯ ಕ್ರೌನ್-ಪಿನಿಯನ್ ದೊರೆತು, ಅನುಮತಿಯೂ ಸಿಕ್ಕಿ ಆಕ್ಸಲ್ ಕೆಲಸ ಮಾಡಿಸುವವರು ಕಾಲವನ್ನೂ ಗಮನಿಸಬೇಕು. ಹೊಸ ಹಲ್ಲುಗಳು ಹೊಂದಿಕೊಳ್ಳಲು ಮೊದಲ 500 ಕಿ.ಮೀ. ಹಗುರ ಹೊರೆಯಲ್ಲಿ ಓಡಿಸಿ, ನಂತರ ಆಕ್ಸಲ್ ಎಣ್ಣೆಯನ್ನು ಬದಲಾಯಿಸಬೇಕು. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತೀಕ ಮಾಸದ ಕೊನೆಯ ಸೋಮವಾರ ನಡೆಯುವುದರಿಂದ, ಪರಿಷೆಗೆ ಸರಕು ತರುವವರು ಈ ಕೆಲಸವನ್ನು ದೀಪಾವಳಿಗೆ ಮೊದಲೇ ಮುಗಿಸಿಕೊಳ್ಳಿ, ಇಲ್ಲವೇ ಪರಿಷೆ ಕಳೆದ ಮೇಲೆ ಕೈಗೆತ್ತಿಕೊಳ್ಳಿ.