ಸಿಲಿಕಾನ್ ತಂತುಗಳ ಬೆಳವಣಿಗೆಯಲ್ಲಿ ಲೋಹಕಲ್ಮಷದ ಸ್ಥಾನ

ಸ್ಫಟಿಕವು ಎಲ್ಲ ಕಡೆಗೂ ಹರಡದೆ ಒಂದೇ ದಿಕ್ಕಿಗೆ ಕೂದಲೆಳೆಯಂತೆ ನೀಳವಾಗಿ ಬೆಳೆಯುವುದೇಕೆ ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಒಂದು ಸಮಾಧಾನವು ಬಹುಮಾನ್ಯವಾಗಿದ್ದಿತು. ಸ್ಫಟಿಕದೊಳಗೆ ತಿರುಪಿನ ಸುತ್ತಿನಂತಿರುವ ವಿನ್ಯಾಸದೋಷವೇ ಬೆಳವಣಿಗೆಗೆ ಸೋಪಾನವೆಂದು 1949ರಲ್ಲಿ ಫ್ರಾಂಕನು ಪ್ರತಿಪಾದಿಸಿದ್ದನು. ಪಾದರಸದ ಎಳೆಗಳ ವಿಷಯದಲ್ಲಿ ಸಿಯರ್ಸನು ಈ ಮತವನ್ನೇ ಅನ್ವಯಿಸಿದನು. ಸಿಲಿಕಾನಿಗೂ ಇದೇ ಸಲ್ಲುವುದೆಂಬುದು ಪೂರ್ವಪಕ್ಷ.

1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ವ್ಯಾಗ್ನರ್ ಮತ್ತು ಎಲ್ಲಿಸ್ ಎಂಬ ವಿದ್ವಾಂಸರು ಇದನ್ನು ನಿರಾಕರಿಸಿದರು. ಸಿಲಿಕಾನ್ ಎಳೆಗಳ ಅಕ್ಷದಲ್ಲಿ ಅಂತಹ ದೋಷವು ಕಾಣಲಿಲ್ಲ. ಪ್ರತಿಯಾಗಿ, ಅವುಗಳ ತುದಿಯಲ್ಲಿ ಒಂದು ಸಣ್ಣ ಗುಂಡು ಕಂಡಿತು. ಸಿಲಿಕಾನ್ ಫಲಕದ ಮೇಲೆ ಚಿನ್ನದ ಕಣವನ್ನಿಟ್ಟು, 950 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ಜಲಜನಕದೊಡನೆ ಸಿಲಿಕಾನ್ ಟೆಟ್ರಾಕ್ಲೋರೈಡಿನ ಬಾಷ್ಪವನ್ನು ಹಾಯಿಸಲು, ಕಣವಿದ್ದೆಡೆಯಲ್ಲಿ ಎಳೆಯು ಎದ್ದಿತು. ಕಲ್ಮಷವಿದ್ದರೆ ಎಳೆ, ಇಲ್ಲದಿದ್ದರೆ ಇಲ್ಲ, ಅನ್ವಯವ್ಯತಿರೇಕಗಳೆರಡೂ ಸಿದ್ಧವಾದುವು. ಪ್ಲಾಟಿನಂ, ಬೆಳ್ಳಿ, ತಾಮ್ರ, ನಿಕ್ಕಲ್ ಮೊದಲಾದುವೂ ಇದೇ ಕಾರ್ಯವನ್ನು ಮಾಡಬಲ್ಲುವೆಂದು ತಿಳಿದುಬಂದಿತು.

ಇದರ ಪ್ರಕಾರವು ಹೀಗಿರುವುದು. ಚಿನ್ನವು 1064 ಡಿಗ್ರಿಗಳಲ್ಲಿಯೂ ಸಿಲಿಕಾನ್ 1414 ಡಿಗ್ರಿಗಳಲ್ಲಿಯೂ ಕರಗುವುವು. ಆದರೆ ತಕ್ಕ ಪ್ರಮಾಣದಲ್ಲಿ ಕೂಡಿದಾಗ ಸುಮಾರು 363 ಡಿಗ್ರಿಗಳಲ್ಲಿಯೇ ದ್ರವವಾಗುವುವು. ಈ ಬಿಂದುವು ಬಾಷ್ಪದಿಂದ ಸಿಲಿಕಾನನ್ನು ಹೀರಿ, ಹಿಡಿಸಲಾರದಷ್ಟಾದಾಗ ಅದನ್ನು ತನ್ನ ಬುಡದಲ್ಲಿ ಘನರೂಪದಿಂದ ಬಿಡುವುದು. ಎಳೆಯು ಬೆಳೆದಂತೆಲ್ಲ ಬಿಂದುವು ಅದರ ತಲೆಯ ಮೇಲೆಯೇ ಏರುವುದು. ಎಳೆಯ ದಪ್ಪವು ಬಿಂದುವಿನ ಗಾತ್ರವನ್ನು ಅನುಸರಿಸುವುದು. ಆದುದರಿಂದ ಇದಕ್ಕೆ ಬಾಷ್ಪ-ದ್ರವ-ಘನ ಕ್ರಮವೆಂದು ಹೆಸರಾಯಿತು. 1998ರಲ್ಲಿ ಮೊರಾಲೆಸ್ ಮತ್ತು ಲೀಬರ್ ಎಂಬವರು ಲೇಸರ್ ಕಿರಣದಿಂದ ಹುಟ್ಟಿಸಿದ ಕಬ್ಬಿಣಯುಕ್ತ ಸೂಕ್ಷ್ಮಬಿಂದುಗಳ ನೆರವಿನಿಂದ 6ರಿಂದ 20 ನ್ಯಾನೋಮೀಟರ್ ವ್ಯಾಸದ ತಂತುಗಳನ್ನು ಪಡೆದರು.

ಕುಲಾಲನು ಘಟಕ್ಕೆ ನಿಮಿತ್ತಕಾರಣನಾದಂತೆ ಲೋಹವು ತಂತುವಿಗೆ ನಿಮಿತ್ತಮಾತ್ರವೆಂದು ಇಷ್ಟರಿಂದ ತೋರಬಹುದು. ಆದರೆ ಕುಲಾಲನು ಘಟದ ಹೊರಗೆ ನಿಲ್ಲುವನು, ಲೋಹವು ಹಾಗಲ್ಲ. ಚಿನ್ನವು ಸಣ್ಣ ಬಿಂದುಗಳಿಂದ ದೊಡ್ಡ ಬಿಂದುಗಳಿಗೆ ತಂತುಗಳ ಮೈಮೇಲೆ ಹರಿದು ಹೋಗುವುದೆಂದು 2006ರಲ್ಲಿಯೂ, ಅದರ ಬಿಡಿ ಪರಮಾಣುಗಳು ತಂತುವಿನೊಳಗೇ ಉಳಿದಿರುವುವೆಂದು 2008ರಲ್ಲಿಯೂ ಪ್ರತ್ಯಕ್ಷವಾಯಿತು. ಅಲ್ಯೂಮಿನಿಯಂ ಇನ್ನೂ ಬಹಳ ಹೆಚ್ಚಾಗಿ ಸೇರುವುದೆಂದು 2013ರಲ್ಲಿ ತೋರಿಸಲ್ಪಟ್ಟಿತು. ಸಿಲಿಕಾನಿನಲ್ಲಿ ನಿಂತ ಚಿನ್ನವು ವಿದ್ಯುದ್ವಾಹಕ ಕಣಗಳನ್ನು ಸೆರೆಹಿಡಿದು ಉಪಕರಣದ ಗುಣವನ್ನು ಕೆಡಿಸುವುದು.

ಒಟ್ಟಿನಲ್ಲಿ, ತಂತುವಿನ ಹುಟ್ಟಿಗೆ ಬೇಕಾದ ಕಲ್ಮಷವೇ ಅದರ ಬಳಕೆಗೆ ಬಾಧಕವೂ ಆಗಿರುವುದು. ಅದನ್ನು ಗುಣವೆಂದಾಗಲಿ ದೋಷವೆಂದಾಗಲಿ ಏಕಾಂತವಾಗಿ ನಿರ್ಣಯಿಸುವುದು ಯುಕ್ತವಲ್ಲ.