ಕತ್ತಿನ ಕತೆ, ಮನೆಯ ಕತೆ

ಬರ್ಟ್ ಟ್ರೌಟ್‌ಮನ್ ಹೆಸರೆತ್ತಿದರೆ ಫುಟ್‌ಬಾಲ್ ಬಲ್ಲವರೆಲ್ಲ ಮುರಿದ ಕತ್ತಿನ ಕತೆಗೇ ಬರುತ್ತಾರೆ. 1956ರ ಮೇ 5, ವೆಂಬ್ಲಿಯಲ್ಲಿ ಎಫ್.ಎ. ಕಪ್ ಫೈನಲ್. ಮುಗಿಯಲು 17 ನಿಮಿಷವಿತ್ತು. ಬರ್ಮಿಂಗ್‌ಹ್ಯಾಮ್‌ನ ಪೀಟರ್ ಮರ್ಫಿ ನುಗ್ಗಿ ಬಂದಾಗ ಟ್ರೌಟ್‌ಮನ್ ಅವನ ಕಾಲಿಗಡ್ಡ ಹಾರಿ ಚೆಂಡು ಹಿಡಿದರು. ಅವನ ಮೊಣಕಾಲು ಕತ್ತಿಗೆ ಬಡಿಯಿತು. ತೂರಾಡುತ್ತಲೇ ಕೊನೆವರೆಗೂ ಗೋಲು ಕಾದರು. ಅವರ ತಂಡ ಮ್ಯಾಂಚೆಸ್ಟರ್ ಸಿಟಿ 3-1ರಿಂದ ಗೆದ್ದಿತು. ಕತ್ತಿನ ಎರಡನೇ ಮೂಳೆ ಸೀಳಿದೆಯೆಂದು ತಿಳಿದದ್ದು ನಾಲ್ಕು ದಿನದ ಮೇಲೆ, ಎಕ್ಸ್‌ರೇ ತೆಗೆದಾಗ. ಮೂರನೆಯದು ಅದಕ್ಕೆ ಸಿಕ್ಕಿಕೊಂಡು ಆಸರೆಯಾಗಿ ನಿಂತಿದ್ದರಿಂದ ಜೀವ ಉಳಿಯಿತು.

ಧೈರ್ಯವಂತೂ ನಿಜ. ಆದರೆ ಆ ಕಾಲದ ಗೋಲಿಗೆ ಬೇರೆ ದಾರಿಯೂ ಇರಲಿಲ್ಲ. ಇಂಗ್ಲೆಂಡಿನ ಲೀಗ್ ಪಂದ್ಯಗಳಲ್ಲಿ ಬದಲಿ ಆಟಗಾರ ಬಂದದ್ದೇ 1965ರಲ್ಲಿ. ಅದಕ್ಕೆ ಮುಂಚೆ ಗೋಲಿ ಹೊರಗೆ ಹೋದರೆ ಉಳಿದ ಹತ್ತು ಜನರಲ್ಲೇ ಒಬ್ಬ ಅವನ ಜೆರ್ಸಿ ತೊಟ್ಟು ನಿಲ್ಲಬೇಕಿತ್ತು. ಚೆಂಡು ಹಿಡಿದ ಗೋಲಿಯನ್ನು ಭುಜದಿಂದ ಗುದ್ದುವುದೂ ಆಗ ನಿಯಮದೊಳಗಿನ ಆಟವೇ ಆಗಿತ್ತು. ಬೆಂಗಳೂರಿನ ಲೀಗ್‌ನಲ್ಲಿ ಹಲವು ವರ್ಷ ಗೋಲು ಕಾದವನು ನಾನು. ಎದುರಾಳಿಯ ಬೂಟಿಗೆ ತಲೆಯೊಡ್ಡುವ ಆ ಕ್ಷಣ ಎಂಥದೆಂದು ಬಲ್ಲೆ. ನನಗಾದರೋ ಗ್ಲೌಸ್ ಇತ್ತು, ಬೆಂಚಿನಲ್ಲಿ ಇನ್ನೊಬ್ಬ ಗೋಲಿಯಿದ್ದ.

ಟ್ರೌಟ್‌ಮನ್ ಬ್ರೆಮೆನ್‌ನವರು, ಹಿಟ್ಲರನ ಸೈನ್ಯದಲ್ಲಿ ಪ್ಯಾರಾಟ್ರೂಪರ್ ಆಗಿದ್ದವರು. ಲ್ಯಾಂಕಷೈರ್‌ನ ಯುದ್ಧಕೈದಿಗಳ ಶಿಬಿರದಲ್ಲಿ ಗಾಯವಾಗಿ ಓಡಲಾಗದಾಗ ಗೋಲಿಗೆ ನಿಂತವರು ಆಮೇಲೂ ಗೋಲಿಯಾಗಿಯೇ ಉಳಿದರು. ಬಿಡುಗಡೆ ಸಿಕ್ಕರೂ ಊರಿಗೆ ಮರಳದೆ ಹೊಲದಲ್ಲಿ ದುಡಿದರು, ಸೇಂಟ್ ಹೆಲೆನ್ಸ್ ಟೌನ್ ಪರ ಆಡಿದರು. 1949ರಲ್ಲಿ ಸಿಟಿ ಅವರನ್ನು ಸೇರಿಸಿಕೊಂಡಾಗ 20,000 ಜನ ಪ್ರತಿಭಟಿಸಿದರು. ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದ ಯಹೂದಿ ಧರ್ಮಗುರು ಅಲೆಕ್ಸಾಂಡರ್ ಆಲ್ಟ್‌ಮನ್, ಒಬ್ಬನ ತಲೆಗೆ ಇಡೀ ದೇಶದ ಪಾಪ ಕಟ್ಟುವುದು ಸಲ್ಲದೆಂದು ಬಹಿರಂಗ ಪತ್ರ ಬರೆದರು. ಅವರು ಹಾಗೆ ಬರೆಯಬೇಕಾದರೆ ಎಂಥ ಮನಸ್ಸು ಬೇಕು! ಆ ಕಪ್ಪಿಗಿಂತ ಈ ಪತ್ರವೇ ದೊಡ್ಡದು ಎನ್ನುತ್ತೇನೆ.

ಸೇಂಟ್ ಹೆಲೆನ್ಸ್ ಕ್ಲಬ್ಬಿನ ಕಾರ್ಯದರ್ಶಿಯ ಮಗಳು ಮಾರ್ಗರೆಟ್‌ರನ್ನು ಟ್ರೌಟ್‌ಮನ್ 1950ರಲ್ಲಿ ಮದುವೆಯಾದರು. ಮೊದಲ ಮಗ ಜಾನ್. ವೆಂಬ್ಲಿಯ ಫೈನಲ್ ಆದ ಕೆಲವೇ ತಿಂಗಳಲ್ಲಿ, ಐದು ವರ್ಷದ ಆ ಹುಡುಗ ಕಾರಿಗೆ ಸಿಕ್ಕಿ ತೀರಿಕೊಂಡ. ಕಪ್ಪಿನ ಕತೆ ಬಣ್ಣಿಸುವವರು ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗದು ಸಹಿಸದು. ಟ್ರೌಟ್‌ಮನ್ ಮತ್ತೆ ಗೋಲಿಗೆ ನಿಂತರು, 1964ರವರೆಗೆ ಸಿಟಿಗೆ 545 ಪಂದ್ಯ ಆಡಿದರು, ಬೀಳ್ಕೊಡುಗೆಗೆ 47,000 ಜನ ಬಂದರು. ಮಾರ್ಗರೆಟ್‌ಗೆ ಯಾವ ಮೈದಾನವಿತ್ತು? ಆಕೆ ಆ ಸಾವಿನಿಂದ ಹೊರಬರಲೇ ಇಲ್ಲ, ಸಂಸಾರ ಒಡೆದದ್ದು ಅದರಿಂದಲೇ ಎಂಬುದು ಟ್ರೌಟ್‌ಮನ್ನರೇ ಒಪ್ಪಿದ ಮಾತು. 1972ರಲ್ಲಿ ವಿಚ್ಛೇದನವಾಯಿತು.

ಪಶ್ಚಿಮ ಜರ್ಮನಿ ಟ್ರೌಟ್‌ಮನ್‌ರನ್ನು ಒಮ್ಮೆಯೂ ಆಡಿಸಲಿಲ್ಲ, ಹೊರದೇಶದ ಕ್ಲಬ್ಬಿನವರೆಂಬ ಕಾರಣಕ್ಕೆ. ಆದರೆ ಮುಂದೆ ಅದೇ ದೇಶದ ಫುಟ್‌ಬಾಲ್ ಸಂಸ್ಥೆಯ ಪರವಾಗಿ ಬರ್ಮಾ, ಲೈಬೀರಿಯ, ಪಾಕಿಸ್ತಾನಗಳಲ್ಲಿ ಹುಡುಗರಿಗೆ ಆಟ ಕಲಿಸಿದರು. ಮತ್ತೆರಡು ಮದುವೆಯಾದವು. ಮಾರ್ಗರೆಟ್‌ರನ್ನು ಮದುವೆಯಾಗುವ ಮುಂಚಿನ ಸಂಬಂಧದಲ್ಲಿ ಹುಟ್ಟಿದ ಒಬ್ಬ ಮಗಳನ್ನು ಟ್ರೌಟ್‌ಮನ್ ಬಿಟ್ಟು ಬಂದಿದ್ದರು. ಹಲವು ದಶಕಗಳ ಮೇಲೆ ಆಕೆಯೊಡನೆ ಮತ್ತೆ ಮಾತು ಬೆಳೆಯಿತು. 2013ರಲ್ಲಿ, ಸ್ಪೇನಿನ ವಲೆನ್ಸಿಯಾ ಹತ್ತಿರದ ಮನೆಯಲ್ಲಿ ತೀರಿಕೊಂಡಾಗ ಅವರಿಗೆ 89.